ಪಿಸುಮಾತಿನ ಮರದ ಮನೆ

ಆ ಮನೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ, ಕೂಗುತ್ತಿದ್ದರು. ಜಗಳವೇನೂ ಇಲ್ಲ. ಕೆಳಗೆ ಮಾವನ ಲೇತ್ ವರ್ಕ್‌ಶಾಪು, ಮೇಲೆ ಸಂಸಾರ. ಬೆಳಿಗ್ಗೆ ಎಂಟಕ್ಕೆ ಮೆಷಿನ್ನು ತಿರುಗಲು ಶುರುವಾದರೆ, ಕಬ್ಬಿಣ ಕಬ್ಬಿಣವನ್ನು ಹೆರೆಯುವ ಆ ಕಿರುಚಾಟ ಮೆಟ್ಟಿಲು ಹತ್ತಿ, ಬಾಗಿಲು ತಟ್ಟದೆ ಒಳಗೆ ಬಂದು, ಸಂಜೆ ಏಳರವರೆಗೆ ಮನೆಯವರಲ್ಲೊಬ್ಬನಂತೆ ಕೂತಿರುತ್ತಿತ್ತು. ಹಾಗಾಗಿ "ಉಪ್ಪು ಕೊಡು" ಅನ್ನುವುದನ್ನೂ ಮನೆಗೆ ಬೆಂಕಿ ಬಿದ್ದವರ ಧಾಟಿಯಲ್ಲೇ ಹೇಳುವುದು ಅಲ್ಲಿ ರೂಢಿ. ಭಾನುವಾರ ಮೆಷಿನ್ನಿಗೆ ರಜೆ, ಗಂಟಲಿಗಿಲ್ಲ. ಬೀದಿಯವರಿಗೆ ಆ ಮನೆಯ ಅಡಿಗೆ, ಮಗುವಿನ ಮಾರ್ಕ್ಸು, ಅತ್ತೆಯ ಮಂಡಿನೋವು ಎಲ್ಲವೂ ದಿನದಿನಕ್ಕೆ ತಿಳಿಯುತ್ತಿತ್ತು.

ಏಳು ವರ್ಷದ ಹಿಂದೆ ಸೊಸೆಯಾಗಿ ಬಂದವಳು ಮಾತ್ರ ಗ್ರಂಥಾಲಯದಲ್ಲಿ ಕೆಲಸ ಮಾಡುವವಳು. ದಿನವಿಡೀ "ಸ್ವಲ್ಪ ಮೆಲ್ಲಗೆ" ಅಂತ ಜನರಿಗೆ ಹೇಳಿ ಹೇಳಿ ಅವಳ ದನಿಯೇ ಕಾಲುಭಾಗ ಸವೆದಿತ್ತು. ಬಂದ ಹೊಸದರಲ್ಲಿ ಅತ್ತೆ ಅಡಿಗೆಮನೆಯಿಂದಲೇ ಮಗನನ್ನು ಕೇಳಿದ್ದರು, "ಏನೋ, ಈ ಹುಡುಗಿಗೆ ಮಾತು ಬರುತ್ತೆ ತಾನೇ?" ಕೇಳಿದ್ದು ಮಗನನ್ನು; ಉತ್ತರ ಕೊಟ್ಟದ್ದು ಎದುರು ಮನೆಯ ದರ್ಜಿ, "ಬರುತ್ತೆ ಅಮ್ಮಾ, ನಿನ್ನೆ ನನ್ನ ಹತ್ತಿರ ಮಾತಾಡಿದ್ರು!"

ಅವಳು ಕೂಗಲು ಪ್ರಯತ್ನಿಸಿ, ಒಂದು ವಾರ ಗಂಟಲು ಕಟ್ಟಿಕೊಂಡು ಕೈಬಿಟ್ಟಳು. ಆಮೇಲೆ ಒಂದು ಉಪಾಯ ಕಂಡುಕೊಂಡಳು. ಮಾವ ಅಳತೆ ನೋಡಲು ಮೆಷಿನ್ನು ನಿಲ್ಲಿಸುತ್ತಿದ್ದರು, ಹೆಚ್ಚೆಂದರೆ ಅರ್ಧ ನಿಮಿಷ. ಆ ಸಂದಿನಲ್ಲಿ ತನ್ನ ಒಂದು ವಾಕ್ಯವನ್ನು ನುಗ್ಗಿಸಿ ಹೊರಬರುವುದು. "ಅತ್ತೆ ಹಾಲು ಕಾದಿದೆ ನಾನು ಹೊರಟೆ" ಅಂತ ಅಲ್ಪವಿರಾಮವಿಲ್ಲದೆ ಹೇಳುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ.

ಮಗಳು ಅಪ್ಪನ ಕಡೆಯ ಗಂಟಲನ್ನೇ ತಂದಿದ್ದಳು. ಆರು ವರ್ಷ. ಬೀದಿಯಲ್ಲಿ ಅವಳ ಹೆಸರು ತುತ್ತೂರಿ. ಈ ವರ್ಷ ಶಾಲೆಯ ಟೀಚರು ಕರೆಸಿ, "ಮಗು ಚೆನ್ನಾಗಿ ಓದ್ತಾಳೆ, ಪಕ್ಕದ ಕ್ಲಾಸಿಗೂ ಅವಳೇ ಓದಿಬಿಡ್ತಾಳೆ, ಅದೇ ಸ್ವಲ್ಪ ತೊಂದರೆ" ಅಂದರು. ಅಂದೇ ಸೊಸೆ ಗಂಡನಿಗೆ ಹೇಳಿದಳು, "ಬೇರೆ ಮನೆ ನೋಡೋಣ."

ಗಂಡ ಅಪಘಾತವಾದ ಗಾಡಿಗಳ ನಷ್ಟ ಅಂದಾಜು ಮಾಡುವವನು. ಯಾವ ವಿಷಯ ಬಂದರೂ ಒಂದು ಹಾಳೆ ತೆಗೆದು, ನಡುವೆ ಗೆರೆ ಎಳೆದು, ಎಡಕ್ಕೆ 'ಅನುಕೂಲ', ಬಲಕ್ಕೆ 'ಅನಾನುಕೂಲ' ಅಂತ ಬರೆಯದಿದ್ದರೆ ಅವನಿಗೆ ನಿದ್ದೆ ಬರದು. ಮದುವೆಗೆ ಮುಂಚೆ ಇವಳ ಬಗ್ಗೆಯೂ ಒಂದು ಹಾಳೆ ಮಾಡಿದ್ದನಂತೆ; ಬಲಗಡೆ ಏನಿತ್ತು ಅಂತ ಇವತ್ತಿಗೂ ಬಾಯಿ ಬಿಟ್ಟಿಲ್ಲ. ಗ್ರಂಥಾಲಯದ ಹಿಂದಿನ ಬೀದಿಯಲ್ಲಿ ಮೂರನೇ ಮಹಡಿಯ ಮನೆ ಸಿಕ್ಕಿತು. ಕಿಟಕಿ ತೆರೆದರೆ ಪಾರ್ಕು. ಗೆರೆಯ ಎಡಗಡೆ ತುಂಬಿತು. ಬಲಗಡೆ ಒಂದೇ ಸಾಲು: 'ಅಪ್ಪನಿಗೆ ಹೇಳಬೇಕು.'

"ಹೇಳಿ ಮತ್ತೆ," ಅಂದಳು.

"ನೀನೇ ಹೇಳು. ನಿನ್ನ ಮಾತು ಅಂದ್ರೆ ಅವರಿಗೆ ಗೌರವ."

"ನನ್ನ ಮಾತು ಅವರಿಗೆ ಕೇಳಿಸಿದ್ದೇ ನಾಲ್ಕು ಸಲ ಇರಬೇಕು."

"ಅದಕ್ಕೇ ಗೌರವ," ಅಂದು ಅವನು ಹೆಲ್ಮೆಟ್ ಹಾಕಿಕೊಂಡ.

ಗ್ರಂಥಾಲಯಕ್ಕೆ ರಜೆಯಿದ್ದ ಒಂದು ಬುಧವಾರ ಮಧ್ಯಾಹ್ನ ಕರೆಂಟು ಹೋಯಿತು. ಬೀದಿಗೆ ಬೀದಿಯೇ ತಣ್ಣಗಾಯಿತು. ಮಾವ ಎಣ್ಣೆ ಕೈ ಒರೆಸಿಕೊಳ್ಳುತ್ತಾ ಮೆಟ್ಟಿಲ ಮೇಲೆ ಬಂದು ಕೂತಿದ್ದರು. ಇಷ್ಟು ಒಳ್ಳೆ ನಿಶ್ಶಬ್ದ ಇನ್ನು ಸಿಗುವುದಿಲ್ಲ ಅಂತ ಸೊಸೆ ಎರಡು ಮೆಟ್ಟಿಲು ಮೇಲೆ ನಿಂತು, ಏಳು ವರ್ಷದಲ್ಲಿ ಮೊದಲ ಸಲ ಅವಸರವಿಲ್ಲದೆ, ಅಲ್ಪವಿರಾಮಗಳನ್ನೆಲ್ಲ ಇಟ್ಟು ಹೇಳಿದಳು. ಮಗುವಿನ ಶಾಲೆ, ತನ್ನ ಓಡಾಟ, ಮೂರನೇ ಮಹಡಿ, ಕೊನೆಗೆ, "ನೀವು ಬೇಡ ಅಂದ್ರೆ ನಾವು ಹೋಗಲ್ಲ ಮಾವ. ನೀವು ಏನಂತೀರಿ?"

ಮಾವ ತಲೆಯೆತ್ತಿ ಅವಳ ಮುಖವನ್ನೇ ನೋಡಿದರು. ಆಮೇಲೆ ನಕ್ಕರು. "ಆಗಲಿ, ಆಗಲಿ," ಅಂದರು. ಕರೆಂಟು ಬಂತು. ಎದ್ದು ಕೆಳಗೆ ಹೋದರು.

ಅವಳು ಅಲ್ಲೇ ನಿಂತಳು. ಬೇಡ ಅನ್ನಲಿ ಅಂತ ತಾನು ಕಾಯುತ್ತಿದ್ದೆ ಅಂತ ಅವಳಿಗೆ ಗೊತ್ತಾದದ್ದು ಅವರು ಬೇಡ ಅನ್ನದೇ ಇದ್ದಾಗ.

ಅಡಿಗೆಮನೆಗೆ ಹೋಗಿ ಅತ್ತೆಗೂ ಹೇಳಿದಳು. ಅತ್ತೆ ಸೌಟು ಕೆಳಗಿಟ್ಟರು.

"ಅವರೇನಂದ್ರು?"

"ಆಗಲಿ ಅಂದ್ರು."

"ನನ್ನನ್ನ ಒಂದು ಮಾತು ಕೇಳದೇ?"

"ನಕ್ಕೊಂಡೇ ಅಂದ್ರು ಅತ್ತೆ."

"ನಕ್ಕರಾ! ಸರಿ ಹಾಗಾದ್ರೆ. ಯಜಮಾನರು ನಕ್ಕು ಕಳಿಸಿಕೊಡೋವಾಗ ಸೌಟು ಹಿಡಿದೋಳದ್ದೇನು ನಡುವೆ?" ಅಂದರು ಅತ್ತೆ. ಅಂದಿನಿಂದ ಅವರು ಗಂಡನೊಂದಿಗೆ ಮಾತು ಬಿಟ್ಟರು. ತಟ್ಟೆಯನ್ನು ಮಾತ್ರ ಒಂದು ಇಂಚು ಮೇಲಿಂದ ಬಿಡುತ್ತಿದ್ದರು, ಸದ್ದಾಗಲಿ ಅಂತ. ಮಾವನಿಗೆ ಅದರಿಂದ ಏನೂ ಆದಂತೆ ಕಾಣಲಿಲ್ಲ. "ನಿನ್ನ ಅತ್ತೆಗೆ ಮಂಡಿ ಜಾಸ್ತಿಯಾಗಿದೆ ಅನ್ಸುತ್ತೆ" ಅಂತ ಸೊಸೆಗೆ ಒಂದು ಸಲ ಕೂಗಿ ಹೇಳಿದರು. ತುತ್ತೂರಿಗೆ ವಿಷಯವನ್ನೇ ತಿಳಿಸಿರಲಿಲ್ಲ. ತಿಳಿಸಿದರೆ ಬೀದಿಯ ಎರಡೂ ತುದಿಗೆ ತಿಳಿಸಿದಂತೆ. ಗಂಡನಂತೂ ಅಪ್ಪ ಇರುವ ಕೋಣೆಗೆ ಹೋಗುವ ಮುಂಚೆ ಫೋನು ಕಿವಿಗಿಟ್ಟುಕೊಳ್ಳುತ್ತಿದ್ದ.

ಇಂಥವನೇ ಒಂದು ಸಂಜೆ ಬಣ್ಣದ ಕಾಗದವೊಂದನ್ನು ಊಟದ ಮೇಜಿನ ಮೇಲೆ ಹಾಸಿದ. ಕಾಡಿನೊಳಗೆ ಮರದ ಮನೆಗಳ ರೆಸಾರ್ಟು. "ಬೇರೆ ಹೋ..." ಅಂತ ಶುರುಮಾಡಿ, ಮಗಳನ್ನು ನೋಡಿ, "ಈ ತಿಂಗಳು ಎಲ್ಲಾ ಸೇರಿ ನಾಲ್ಕು ದಿನ ಹೋಗಿ ಬರೋಣ" ಅಂತ ಮುಗಿಸಿದ. ಹಾಳೆ ಆಗಲೇ ತಯಾರಿತ್ತು. ಎಡಗಡೆ: ಗಾಳಿ, ಶಾಂತಿ, ಜಿಂಕೆ, ಫೋನು ಬರುವುದಿಲ್ಲ. ಬಲಗಡೆ: ಫೋನು ಬರುವುದಿಲ್ಲ, ಕಕ್ಕಸು ಹೊರಗೆ, ಕರೆಂಟಿಲ್ಲ, ಸೌದೆ ಒಲೆ.

"ಸೌದೆ ಒಲೆಯಾ?" ಅತ್ತೆ ಕನ್ನಡಕ ಏರಿಸಿದರು. "ಮದುವೆಯಾದ ಹೊಸದರಲ್ಲಿ ಐದು ವರ್ಷ ಊದಿ ಊದಿ ಕಣ್ಣು ಕೆಂಪು ಮಾಡ್ಕೊಂಡಿದ್ದೀನಿ. ಗ್ಯಾಸ್ ಬಂದಾಗ ಆ ಸಿಲಿಂಡರನ್ನ ತಬ್ಬಿಕೊಂಡೋಳು ನಾನು. ಈಗ ದುಡ್ಡು ಕೊಟ್ಟು ಊದಬೇಕಾ?"

"ಅನುಭವ ಅಮ್ಮಾ ಅದು!"

"ಅನುಭವ ನನಗಾಗಿದೆ, ನಿನಗೆ ಬೇಕಿದ್ರೆ ನೀನು ಊದು!"

"ಅಪ್ಪಾ, ನೀವೇನಂತೀರಿ? ಕಾಡಿಗೆ ಹೋಗೋಣಾ?" ಅವನು ಮನೆಯ ರೂಢಿಯಂತೆ ಕಿರುಚಿದ.

"ಹೋಗೋಣ," ಅಂದರು ಮಾವ.

*

ಮರದ ಮನೆ ನಿಜಕ್ಕೂ ಮರದ್ದೇ ಆಗಿತ್ತು. ನೆಲ ಮರ, ಗೋಡೆ ಮರ, ಮಂಚ ಮರ, ಬಾಗಿಲ ಚಿಲಕವೂ ಮರ. ಮಣ್ಣಿನಿಂದ ಮೂರಡಿ ಮೇಲೆ, ದಪ್ಪ ಕಂಬಗಳ ಮೇಲೆ ನಿಂತಿತ್ತು. ಹಲಗೆಗಳ ಸಂದಿಯಿಂದ ಕೆಳಗಿನ ಹುಲ್ಲು ಕಾಣುತ್ತಿತ್ತು; ಅತ್ತೆಯ ಹೇರ್‌ಪಿನ್ನು ಮೊದಲ ಹತ್ತು ನಿಮಿಷದಲ್ಲೇ ಆ ದಾರಿ ಹಿಡಿಯಿತು. ಕಕ್ಕಸಿಗೆ ಅರವತ್ತು ಹೆಜ್ಜೆ, ನಡುವೆ ಒಂದು ಮರದ ಬೇರು, ಹೋಗುವವರೂ ಬರುವವರೂ ಎಡವಲಿ ಅಂತಲೇ ಬೆಳೆದದ್ದು. ಸ್ನಾನಕ್ಕೆ ಬಿಸಿನೀರು ಬೇಕಾದರೆ ಹಂಡೆಗೆ ಬೆಂಕಿ ಹಾಕಬೇಕು. ಅನುಭವ ಬೇಕಿದ್ದ ಮಗ ಊದಿದ. ಹೊಗೆ ಬಂತು, ಬೆಂಕಿ ಬರಲಿಲ್ಲ. ಅತ್ತೆ ಐದು ನಿಮಿಷ ನೋಡಿ, ಸುಖಪಟ್ಟು, "ಸರಿ ಆಚೆ" ಅಂದು ಎರಡು ಚಕ್ಕೆಯಲ್ಲಿ ಹೊತ್ತಿಸಿದರು. ಕಾಡಿಗೆ ಬಂದಮೇಲೆ ಅವರ ಮುಖದಲ್ಲಿ ಮೊದಲ ಕಳೆ ಕಂಡದ್ದು ಆಗಲೇ.

ಆದರೆ ಎಲ್ಲಕ್ಕಿಂತ ದೊಡ್ಡ ಕಷ್ಟ ಬೇರೆಯದು. ಪ್ರತಿ ಮರಕ್ಕೂ ಒಂದು ಹಲಗೆ: 'ಮೆಲ್ಲಗೆ ಮಾತಾಡಿ. ಇದು ಪ್ರಾಣಿಗಳ ಮನೆ.' ಹಲಗೆ ಓದದವರಿಗಾಗಿ ಒಬ್ಬ ಕಾವಲಿನವನನ್ನೂ ಇಟ್ಟಿದ್ದರು. ತೆಳ್ಳಗೆ, ಹಸಿರು ಅಂಗಿ, ಮಾತೆಲ್ಲ ಉಸಿರಿನಲ್ಲೇ. ಗಾಡಿ ನಿಂತ ಕೂಡಲೇ ತುತ್ತೂರಿ "ಜಿಂಕೆ ಎಲ್ಲಿ?" ಅಂದಳು. ದೂರದ ಕೊಳದ ಬಳಿಯಿದ್ದ ಏನೋ ಒಂದು ಪೊದೆಯೊಳಗೆ ಹಾರಿತು. ಕಾವಲಿನವನು ಬೆರಳು ತುಟಿಗಿಟ್ಟು, "ಇತ್ತು" ಅಂದ.

ಹೀಗೆ ಕೂಗುವ ಸಂಸಾರವೊಂದು ಪಿಸುಗುಟ್ಟಲು ಕಲಿಯಬೇಕಾಯಿತು. ಪಾಪ, ಅವರಿಗೆ ಬರುತ್ತಲೇ ಇರಲಿಲ್ಲ. ಮಗ ಪಿಸುಗುಟ್ಟಿದರೆ ಸೀಟಿಯಂತೆ ಕೇಳುತ್ತಿತ್ತು, ಅತ್ತೆ ಪಿಸುಗುಟ್ಟಿದರೆ ಬೈದಂತೆ. ತುತ್ತೂರಿ ಮಾತಿನ ಬದಲು ಕೈ ಕಾಲು ಆಡಿಸತೊಡಗಿದಳು. ಸೊಸೆಯೊಬ್ಬಳೇ ತನ್ನ ಸಹಜ ದನಿಯಲ್ಲಿ ಮಾತಾಡುತ್ತಿದ್ದಳು. ಏಳು ವರ್ಷದಲ್ಲಿ ಮೊದಲ ಸಲ ಮನೆಮಂದಿಯೆಲ್ಲ ಅವಳ ಕಡೆ ತಿರುಗಿ, "ನೀನು ಹೇಗೆ ಮಾಡ್ತೀಯ ಇದನ್ನ?" ಅಂತ ಕೇಳಿದರು.

ಮಾವ ಮಾತ್ರ ಯಾವುದರಲ್ಲೂ ಸೇರಲಿಲ್ಲ. ಅಡಿಗೆಶಾಲೆಯಿಂದ ಕ್ಯಾರಿಯರಿನಲ್ಲಿ ಬಂದ ಅನ್ನ, ತರಕಾರಿ, ಬೇಯಿಸಿದ ಮೊಟ್ಟೆ ಹಂಚಿಕೊಂಡು ಕೂತಾಗ ಅತ್ತೆ ಮೂರು ವಾರದ ಮುನಿಸು ಮರೆತು, "ಇನ್ನೊಂದು ಮೊಟ್ಟೆ ಬೇಕಾ?" ಅಂತ ಪಿಸುಗುಟ್ಟಿದರು. ಮಾವ ತಟ್ಟೆ ನೋಡುತ್ತಾ ಉಣ್ಣುತ್ತಿದ್ದರು. "ನೋಡು," ಅಂದರು ಅತ್ತೆ ಸೊಸೆಗೆ, "ನಾನೇ ಸೋತು ಮಾತಾಡಿಸಿದ್ರೂ ಬಾಯಿ ಬಿಡಲ್ಲ. ಕಲ್ಲು!" ಆ ಮೊಟ್ಟೆಯನ್ನು ಅವರೇ ತಿಂದರು.

*

ಎರಡನೇ ದಿನ ಬೆಳಗಿನ ಹೊತ್ತು. ಅಕ್ಕಪಕ್ಕದ ಮರದ ಮನೆಗಳ ಅತಿಥಿಗಳು ದುರ್ಬೀನು ಹಿಡಿದು, ಉಸಿರು ಹಿಡಿದು, ಜಗುಲಿಗಳಲ್ಲಿ ಕೂತಿದ್ದರು. ಕಾವಲಿನವನು ಮನೆಮನೆಗೆ ಬಂದು, ಜಿಂಕೆಗಳು ಮರಿಗಳೊಂದಿಗೆ ಇಳಿಯುತ್ತಿವೆ, ಯಾರೂ ಕೊಳದ ಕಡೆ ಹೋಗಬೇಡಿ ಅಂತ ತಿಳಿಸುತ್ತಿದ್ದ. ಮಾವನ ಮುಂದೆ ನಿಂತು ಅವರಿಗೂ ಹೇಳಿದ. ಮಾವ ನಕ್ಕು, "ಆಗಲಿ, ಆಗಲಿ" ಅಂದರು. ಆಮೇಲೆ ಟವೆಲ್ಲು ಹೆಗಲಿಗೆ ಹಾಕಿಕೊಂಡು, ನೇರವಾಗಿ ಕೊಳಕ್ಕೆ ಇಳಿದು, ಮುಖ ತೊಳೆದು, ಮೂಗು ಸೀದಿದರು.

ಜಿಂಕೆಗಳು ಹೋದವು. ಮರಿಗಳು ಹೋದವು. ಇನ್ನೂ ಬಾರದಿದ್ದ ಕೆಲವು ಹಕ್ಕಿಗಳೂ ಅತ್ತಲಿಂದತ್ತಲೇ ಹೋದವು. ಹತ್ತು ದುರ್ಬೀನುಗಳು ಒಟ್ಟಿಗೆ ಮಾವನ ಕಡೆ ತಿರುಗಿದವು. ಅವರು ಟವೆಲ್ಲಿನಿಂದ ಕಿವಿ ಒರೆಸಿಕೊಂಡು ಎಲ್ಲರಿಗೂ ಕೈಬೀಸಿದರು.

"ಆಗಲಿ ಅಂತ ಹೇಳಿ ಆಮೇಲೆ..." ಕಾವಲಿನವನಿಗೆ ಅಳು ಬಂದಿತ್ತು.

"ಅವರು ಹಾಗೇನೇ," ಅಂದರು ಅತ್ತೆ. "ಎಲ್ಲದಕ್ಕೂ ಆಗಲಿ, ಮಾಡೋದು ತಮಗೆ ಬೇಕಾದ್ದು. ಮೂರು ವಾರದ ಹಿಂದೆ ಮನೇನೇ ಒಡೆದುಹಾಕಿದ್ದಾರೆ, ನಿಮ್ಮ ಜಿಂಕೆ ಯಾವ ಲೆಕ್ಕ!"

ಗಂಡ ನಾಚಿಕೆಯಿಂದ ಮಗಳನ್ನು ಕರೆದುಕೊಂಡು ಎಲ್ಲಾದರೂ ಹೋಗೋಣ ಅಂತ ಹೋದ. ಅತ್ತೆ ಹಂಡೆಗೆ ಬೆಂಕಿ ಹಾಕಲು ಹಿತ್ತಲಿಗೆ ಹೋದರು. ಮಾವ ಮೇಲೆ ಬಂದು ಜಗುಲಿಯ ಬೆಂಚಿನ ಮೇಲೆ, ಎರಡೂ ಅಂಗೈಯನ್ನು ಹಲಗೆಗೆ ಊರಿ, ಕೊಳ ನೋಡುತ್ತಾ ಕೂತರು. ಸೊಸೆ ಚಪ್ಪಲಿ ಹುಡುಕುತ್ತಾ ಕೆಳಗಿನ ಹುಲ್ಲಿನಲ್ಲಿ, ಅವರ ಬೆನ್ನಿನಿಂದ ನಾಲ್ಕು ಮಾರು ದೂರದಲ್ಲಿದ್ದಳು. ಅವಳಿಗೂ ಕೋಪ ಬಂದಿತ್ತು.

"ಮಾವ, ಯಾಕೆ ಹೀಗೆ ಮಾಡಿದ್ರಿ?"

ಅವರು ತಿರುಗಲಿಲ್ಲ.

"ಮಾವ."

ಇಲ್ಲ. ಒಂದು ಎಲೆ ಉದುರಿದ ಸದ್ದು ಕೇಳುವಷ್ಟು ಸುಮ್ಮನಿತ್ತು ಆ ಜಾಗ. ಅವಳು ಇನ್ನೊಮ್ಮೆ, ತನ್ನ ಕೈಲಾದಷ್ಟು ಜೋರಾಗಿ, "ಮಾವ" ಅಂದಳು. ಅಲ್ಲಾಡಲಿಲ್ಲ. ಸಿಟ್ಟಿನಿಂದಲೇ ಜಗುಲಿಯ ಮೊದಲ ಮೆಟ್ಟಿಲ ಮೇಲೆ ಬರಿಗಾಲಿಟ್ಟಳು. ಹಲಗೆ ಸದ್ದು ಕೂಡ ಮಾಡಲಿಲ್ಲ. ಮಾವ ಮುಖ ತಿರುಗಿಸದೆ ಅಂದರು, "ಬಾಮ್ಮ. ಕೂತ್ಕೋ."

ಅವಳು ನಿಂತಲ್ಲೇ ನಿಂತಳು. ಮಾವನ ಅಂಗೈಗಳನ್ನು ನೋಡಿದಳು. ಹಿತ್ತಲ ಬಾಗಿಲಿಂದ ಅತ್ತೆ ಒಳಗೆ ಬಂದು, ಸೌದೆ ತರಲು ದೂರದ ಅಡಿಗೆಶಾಲೆಯ ಕಡೆ ಹೊರಗೆ ಹೋದರು. ಮಾವ, "ನಿನ್ನ ಅತ್ತೆ ಎಡಗಾಲು ಎಳೆದು ಹಾಕ್ತಾಳೆ ನೋಡು. ಮನೇಲಿ ಗೊತ್ತೇ ಆಗ್ತಿರಲಿಲ್ಲ, ಅಲ್ಲಿ ಸಿಮೆಂಟು ನೆಲ. ಇದು ಒಳ್ಳೆ ಮನೆ. ಯಾರು ಎಲ್ಲಿದ್ದಾರೆ ಎಲ್ಲಾ ಹೇಳುತ್ತೆ" ಅಂದರು. ಅಂದದ್ದು ಮನೆಯ ದನಿಯಲ್ಲೇ. ದೂರದಿಂದ ಕಾವಲಿನವನು "ಶ್!" ಅಂದ. ಮಾವ ಅದನ್ನೂ ಕೇಳಿಸಿಕೊಳ್ಳಲಿಲ್ಲ.

ಅವಳು ಪಕ್ಕದಲ್ಲಿ ಕೂತು, ಅವರಿಗೆ ಮುಖ ಕಾಣದಂತೆ ಕೊಳದ ಕಡೆ ನೋಡುತ್ತಾ, "ನಿಮಗೆ ಕಿವಿ ಕೇಳಿಸಲ್ವಾ ಮಾವ?" ಅಂದಳು. ಮಾವ ಕೊಳ ನೋಡುತ್ತಲೇ ಇದ್ದರು.

ಕೂಗುವ ಹಾಗಿಲ್ಲ. ಜಗುಲಿಯ ಗೂಟಕ್ಕೆ ಪೆನ್ಸಿಲು ಸಮೇತ ಒಂದು ಹಾಳೆ ತೂಗುಹಾಕಿದ್ದರು: 'ಅತಿಥಿಗಳ ಅಭಿಪ್ರಾಯ'. ಎಡಗಡೆ 'ಇಷ್ಟವಾದದ್ದು', ಬಲಗಡೆ 'ಇಷ್ಟವಾಗದ್ದು'. ಎಡಗಡೆ ಅದೇ ಪ್ರಶ್ನೆ ಬರೆದು ಅವರ ಮುಂದೆ ಹಿಡಿದಳು.

ಮಾವ ಜೇಬಿನಿಂದ ಕನ್ನಡಕ ತೆಗೆದು ಓದಿದರು. ಓದಿ ಕನ್ನಡಕ ಮಡಿಸಿದರು. ಅತ್ತ ಇತ್ತ ನೋಡಿದರು. "ಯಾರಿಗೂ ಹೇಳ್ಬೇಡ," ಅಂದರು.

'ಎಷ್ಟು ದಿನದಿಂದ?'

"ಎರಡು ವರ್ಷ. ಮೂರೂ ಇರಬಹುದು. ನೀವೆಲ್ಲ ಕೂಗೋದು ಕೇಳಿಸುತ್ತೆ. ಮೆಲ್ಲಗೆ ಮಾತಾಡಿದ್ರೆ ಬಾಯಿ ಮಾತ್ರ ಅಲ್ಲಾಡೋದು ಕಾಣುತ್ತೆ, ಮೀನಿನ ಥರ. ಮೆಷಿನ್ನಿಗೇನೂ ತೊಂದರೆಯಿಲ್ಲ, ಎರಡು ಬೆರಳು ಇಟ್ಟರೆ ಸಾಕು, ಎಲ್ಲಿ ನಡುಗ್ತಿದೆ ಅಂತ ಬೆರಳಿಗೇ ಗೊತ್ತಾಗುತ್ತೆ. ಮನುಷ್ಯರ ಮೇಲೆ ಹಾಗೆ ಬೆರಳಿಡೋಕಾಗಲ್ಲವಲ್ಲ." ಒಂದು ಬೆರಳಿಂದ ಬೆಂಚಿನ ಹಲಗೆ ಸವರಿ, "ನಿನ್ನ ಗಂಡನಿಗೆ ಗೊತ್ತಾದ್ರೆ ಹಾಳೆ ತೆಗೀತಾನೆ. ಅನಾನುಕೂಲ, ಅಪ್ಪನ ಕಿವಿ. ನಾಳೇನೇ ಲೇತಿಗೆ ಬೀಗ. ಅದಕ್ಕೇ ಆಗಲಿ ಅಂದುಬಿಡ್ತೀನಿ. ಹೌದು ಅಂದ್ರೂ ಸಿಕ್ಕಿಹಾಕ್ಕೊಳ್ತೀವಿ, ಇಲ್ಲ ಅಂದ್ರೂ ಸಿಕ್ಕಿಹಾಕ್ಕೊಳ್ತೀವಿ. ಆಗಲಿ ಅಂದ್ರೆ ಯಾರೂ ಏನೂ ಕೇಳಲ್ಲ" ಅಂದರು.

ಸೊಸೆಯ ಪೆನ್ಸಿಲು ಸ್ವಲ್ಪ ಹೊತ್ತು ಬಲಗಡೆಯ ಖಾಲಿ ಜಾಗದ ಮೇಲೆ ನಿಂತಿತ್ತು. ಆಮೇಲೆ ಬರೆದಳು: 'ಕರೆಂಟು ಹೋದ ದಿನ ಮೆಟ್ಟಿಲ ಮೇಲೆ ನಾನು ಏನು ಕೇಳಿದೆ ಗೊತ್ತಾ?'

"ಏನೋ ಉದ್ದಕ್ಕೆ ಹೇಳಿದೆ. ನೀನು ಅಷ್ಟು ಹೊತ್ತು ನನ್ನ ಹತ್ತಿರ ಮಾತಾಡಿದ್ದು ಅದೇ ಮೊದಲು. ಸಂತೋಷ ಆಯ್ತು. ಏನಂತ ಕೇಳಿದ್ರೆ ನೀನು ಬೇಜಾರು ಮಾಡ್ಕೊಂಡು ನಿಲ್ಲಿಸಿಬಿಡ್ತೀಯ ಅಂತ ಸುಮ್ಮನಿದ್ದೆ."

ಅವಳು ಬರೆಯಲಿಲ್ಲ. ಮಾವ ಕಾದರು. ಬೇರೆ ಯಾರ ಎದುರಾಗಿದ್ದರೂ ಅವಳು ಹಾಳೆ ಹರಿದು ಜೇಬಿಗೆ ಹಾಕಿಕೊಂಡು ಒಳಗೆ ಹೋಗಬಹುದಿತ್ತು. ಕೇಳಿಸದ ಮನುಷ್ಯನ ಎದುರು ಪೆನ್ಸಿಲು ಹಿಡಿದು ಕೂತವಳು ಹಾಗೆ ಮಾಡುವಂತಿಲ್ಲ. ಚಿಕ್ಕ ಅಕ್ಷರದಲ್ಲಿ ಬರೆದಳು: 'ನಾವು ಬೇರೆ ಮನೆ ಮಾಡ್ತಿದೀವಿ. ಹದಿನೈದನೇ ತಾರೀಕಿನೊಳಗೆ ಆ ಮನೆಯ ಮಾಲೀಕರಿಗೆ ಹೇಳಬೇಕು. ನೀವು ಬೇಡ ಅಂದ್ರೆ ಹೋಗಲ್ಲ ಅಂದಿದ್ದೆ.'

ಮಾವ ಅದನ್ನು ಅಳತೆಪಟ್ಟಿ ನೋಡುವ ಹಾಗೆ, ಹತ್ತಿರ ಹಿಡಿದು, ದೂರ ಹಿಡಿದು ನೋಡಿದರು.

"ಇದಕ್ಕೆ ನಾನು ಆಗಲಿ ಅಂದ್ನಾ?"

ಹೌದು ಅಂತ ತಲೆಯಾಡಿಸಿದಳು.

"ನಕ್ಕೊಂಡಾ?"

ಅದಕ್ಕೂ ತಲೆಯಾಡಿಸಿದಳು.

"ಅಯ್ಯೋ ಹುಚ್ಚೇ," ಅಂದರು ಮಾವ. ಅವಳನ್ನೋ ತಮ್ಮನ್ನೋ ತಿಳಿಯಲಿಲ್ಲ. "ಬೇಡ!" ಅಂದರು.

ಕೊಳದಾಚೆಯಿಂದ "ಶ್!" ಬಂತು.

"ಬೇಡ ಅಂತ ಹೇಳ್ತಿದೀನಿ! ನಿಮ್ಮ ಇಷ್ಟ, ನಿಮ್ಮ ಸಂಸಾರ, ಹೋಗೋದಾದ್ರೆ ಹೋಗಿ, ನಾನೇ ಗಾಡಿ ಮಾಡಿ ಸಾಮಾನು ಇಳಿಸಿ ಬರ್ತೀನಿ. ಆದ್ರೆ ಕೇಳಿದೆಯಲ್ಲ? ಕೇಳಿದ್ದಕ್ಕೆ ಉತ್ತರ ಇದು. ಬೇಡ. ಬೇಡ."

ಕಾವಲಿನವನು ಓಡುತ್ತಾ ಬಂದು ಮೆಟ್ಟಿಲ ಕೆಳಗೆ ನಿಂತ. ಸೊಸೆ ಅಳುತ್ತಿದ್ದಳು, ಮುದುಕ ಕಿರುಚುತ್ತಿದ್ದ. ಅವನು ಏನು ತಿಳಿದನೋ, "ಕ್ಷಮಿಸಿ ಅಮ್ಮಾ, ಜಿಂಕೆ ನಾಳೆಯೂ ಬರುತ್ತವೆ" ಅಂದು ಹಿಂದಕ್ಕೆ ಹೋದ.

*

ಗುಟ್ಟು ಇಟ್ಟುಕೊಳ್ಳುತ್ತೇನೆ ಅಂತ ಸೊಸೆ ಮಾತು ಕೊಟ್ಟಿದ್ದಳು. ಆದರೆ ಹಾಳೆಯನ್ನು ತಿರುಗಿಸಿ ಮತ್ತೆ ಗೂಟಕ್ಕೇ ಹಾಕಿಬಿಟ್ಟಿದ್ದಳು. ಇಪ್ಪತ್ತು ಸಾವಿರ ಪುಸ್ತಕಗಳಿರುವ ಜಾಗದಲ್ಲಿ ತೆಗೆದದ್ದನ್ನು ತೆಗೆದ ಕಡೆಯೇ ಇಡುವುದು ಕೈಗೆ ಅಂಟಿದ ಅಭ್ಯಾಸ. ಹೊರಡುವ ದಿನ ಗಂಡ ಅದನ್ನು ಕಂಡ. ಎರಡು ಕಾಲಮ್ಮಿನ ಹಾಳೆಯನ್ನು ಓದದೆ ಬಿಡುವುದು ಅವನಿಂದ ಆಗದ ಕೆಲಸ.

ಮನೆಯವರೆಗೂ ಗಾಡಿಯಲ್ಲಿ ಯಾರೂ ಮಾತಾಡಲಿಲ್ಲ. ಕಾಡಿನ ಅಭ್ಯಾಸ ಅಂತ ಅತ್ತೆ ತಿಳಿದುಕೊಂಡರು. ಮನೆ ತಲುಪಿ, ಅನ್ನಕ್ಕೆ ಇಟ್ಟು, ತಟ್ಟೆ ಹಾಕಿದ ಮೇಲೆ ಗಂಡ ಜೇಬಿನಿಂದ ಹಾಳೆ ತೆಗೆದು ಮೇಜಿನ ಮೇಲಿಟ್ಟ.

"ಅಪ್ಪಾ! ಇದೇನು?"

ಮಾವ ಸೊಸೆಯನ್ನು ನೋಡಿದರು. ಸೊಸೆ ತಟ್ಟೆ ನೋಡಿದಳು.

"ಕಿವಿ ಕೇಳಲ್ಲ," ಅಂದರು ಮಾವ ಬೀದಿಗೆಲ್ಲ ಕೇಳುವ ಹಾಗೆ. "ಹೌದು! ಲೇತ್ ಮುಚ್ಚಲ್ಲ! ಈಗಲೇ ಹೇಳಿದೀನಿ!"

"ಯಾರು ಮುಚ್ಚಿ ಅಂದ್ರು? ನನಗೊಂದು ಮಾತು ಹೇಳೋಕೇನಾಗಿತ್ತು?"

"ನಿನಗೊಂದು ಮಾತು ಹೇಳೋಕೇನಾಗಿತ್ತು? ಮನೆ ಬಿಡೋ ವಿಷಯ ಹೆಂಡತಿ ಕೈಲಿ ಹೇಳಿಸ್ತೀಯಾ? ನಾಚಿಕೆಯಿಲ್ಲ, ಮೀಸೆ ಬೇರೆ ಬಿಟ್ಟಿದ್ದೀಯ!"

"ಮನೆ ಬಿಡ್ತೀವಾ?" ಅಂದಳು ತುತ್ತೂರಿ. ಎದುರು ಮನೆಯ ದರ್ಜಿಯ ಮೆಷಿನ್ನು ನಿಂತಿತು.

ಅತ್ತೆ ಮಾತ್ರ ಹಾಳೆಯನ್ನು ಎತ್ತಿಕೊಂಡು ಎರಡು ಸಲ ಓದಿ, ಮೇಜಿಗೆ ಒರಗಿದರು. "ತಡೀರಿ ಎಲ್ಲಾ," ಅಂದರು. ಮಾವನ ಎದುರಿಗೆ ಬಂದು ನಿಂತರು. "ಹೋದ ವರ್ಷ ನನ್ನ ಕಣ್ಣಿನ ಆಪರೇಷನ್ ದಿನ. ಆಸ್ಪತ್ರೇಲಿ, ಒಳಗೆ ಕರೆಯೋ ಮುಂಚೆ ನಿಮ್ಮ ಕೈ ಹಿಡ್ಕೊಂಡು ಏನಂದೆ, ಕೇಳಿಸಿತ್ತಾ?"

"ಏನಂದೆ?"

"ಭಯ ಆಗ್ತಿದೆ ಅಂದೆ! ನೀವು ಆಗಲಿ, ಆಗಲಿ ಅಂದ್ರಿ!"

ಮೊದಲು ನಕ್ಕವಳು ಸೊಸೆ, ತಡೆಯಲಾಗಲಿಲ್ಲ. ಆಮೇಲೆ ಗಂಡ. ಅತ್ತೆ "ಒಂದು ವರ್ಷ! ಒಂದು ವರ್ಷ ಈ ಮನುಷ್ಯನಿಗೆ ಮನಸ್ಸಲ್ಲೇ ಬೈದಿದೀನಿ, ಅಷ್ಟೂ ದಂಡ!" ಅಂತ ಸೆರಗಿನಿಂದ ಕಣ್ಣೊರೆಸಿಕೊಂಡರು. ಮಾವ ಎದ್ದು, ಏನು ಮಾಡಬೇಕೆಂದು ತಿಳಿಯದೆ, ಹೆಂಡತಿಯ ತಟ್ಟೆಗೆ ತಾವೇ ಅನ್ನ ಬಡಿಸಿದರು. ಮಕ್ಕಳೆದುರು ಅವರು ಹಾಗೆ ಮಾಡಿದ್ದನ್ನು ಯಾರೂ ಕಂಡಿರಲಿಲ್ಲ. ಬಡಿಸಿದ್ದು ಜಾಸ್ತಿಯಾಯಿತು. ಅತ್ತೆ ಅಷ್ಟನ್ನೂ ತಿಂದರು.

ಮುಂದಿನ ವಾರವಿಡೀ ಹಳೆಯ ಒಪ್ಪಿಗೆಗಳು ಒಂದೊಂದಾಗಿ ಹೊರಬಿದ್ದವು. ದರ್ಜಿ ತನ್ನ ಬೋರ್ಡನ್ನು ಇವರ ಗೋಡೆಗೆ ಹೊಡೆದದ್ದು ಹಾಗೆಯೇ ಸಿಕ್ಕ ಅಪ್ಪಣೆಯಿಂದ. ವರ್ಕ್‌ಶಾಪಿನ ಹಳೇ ಕೆಲಸಗಾರ ಶನಿವಾರ ಮಧ್ಯಾಹ್ನವೇ ಹೊರಟುಹೋಗುತ್ತಿದ್ದುದೂ ಅದರಿಂದಲೇ. "ನಾನು ಮೂರು ಸಲ ಕೇಳಿದೀನಿ ಮೇಸ್ತ್ರೀ, ಮೂರು ಸಲಾನೂ ನಕ್ಕಿದೀರಿ" ಅಂದ. ಮಾವ ಬೋರ್ಡು ತೆಗೆಸಲಿಲ್ಲ, ಶನಿವಾರವನ್ನೂ ವಾಪಸು ಪಡೆಯಲಿಲ್ಲ. ಕಿವಿ ತೋರಿಸಲು ಮಾತ್ರ ಒಪ್ಪಲಿಲ್ಲ. ಗಂಡ ಹಾಳೆ ತೆಗೆದ. ಮಾವ ಅದರಿಂದ ಕೈಯೆಣ್ಣೆ ಒರೆಸಿಕೊಂಡರು. ಕೊನೆಗೆ ಸೊಸೆ ವರ್ಕ್‌ಶಾಪಿಗೆ ಇಳಿದು, ಸೀಮೆಸುಣ್ಣದಿಂದ ಅವರ ಅಳತೆ ಬರೆಯುವ ಕಪ್ಪು ಹಲಗೆಯ ಮೇಲೆ ಬರೆದಳು: 'ಹದಿನಾಲ್ಕಕ್ಕೆ, ಹತ್ತು ಗಂಟೆಗೆ, ನಾನು ರಜೆ ಹಾಕಿದೀನಿ.'

ಬಾಡಿಗೆ ಮನೆಯ ವಿಷಯ ಯಾರೂ ಎತ್ತಲಿಲ್ಲ. ಬೇಡ ಅಂದವರೂ ಮತ್ತೆ ಅನ್ನಲಿಲ್ಲ. ಒಂದು ರಾತ್ರಿ ಅವಳು ಊಟದ ಪಾತ್ರೆ ತೊಳೆಯುವಾಗ ಗಂಡ ಪಕ್ಕದಲ್ಲಿ ಬಂದು ನಿಂತು, "ನಾನು ಗೆರೆ ಎಳೆದು ಎಳೆದು ಸಾಕಾಯ್ತು. ನೀನೇ ಹೇಳು. ಏನು ಹೇಳಿದ್ರೂ ಸರಿ" ಅಂದ. ಸೊಸೆ, "ಹೇಳ್ತೀನಿ, ಮೊದಲು ಈ ತಟ್ಟೆ ಒರೆಸಿ" ಅಂದಳು.

*

ಕಿವಿ ಪರೀಕ್ಷೆಯ ಕೋಣೆ ಗಾಜಿನ ಗೂಡು. ಒಳಗೆ ಮಾವ, ತಲೆಗೆ ದಪ್ಪ ಹೆಡ್‌ಫೋನು. ಸದ್ದು ಕೇಳಿದಾಗಲೆಲ್ಲ ಕೈ ಎತ್ತಬೇಕು ಅಂತ ಪರೀಕ್ಷೆ ಮಾಡುವ ಹುಡುಗಿ ಹೇಳಿಕೊಟ್ಟಿದ್ದಳು. ಹೊರಗೆ ಸೊಸೆ ನಿಂತಿದ್ದಳು. ಹುಡುಗಿ ಗುಂಡಿ ಒತ್ತುತ್ತಾ ಹೋದಳು. ಮಾವ ಪರೀಕ್ಷೆಗೆ ಓದದೆ ಬಂದ ಹುಡುಗನಂತೆ, ಅವಳ ಮುಖದಲ್ಲಿ ಉತ್ತರ ಹುಡುಕುತ್ತಾ ಕೂತರು. ಗುಂಡಿ ಒತ್ತಿದಳು, ಕೈ ಏಳಲಿಲ್ಲ. ಮತ್ತೆ ಒತ್ತಿದಳು, ಏಳಲಿಲ್ಲ. ಬಹಳ ಹೊತ್ತಿನ ಮೇಲೆ ಒಂದು ಕೈ ಮೇಲೆದ್ದಿತು. "ನೀವಲ್ಲ ಮೇಡಂ," ಅಂದಳು ಹುಡುಗಿ. ಸೊಸೆ ತನ್ನ ಕೈ ಇಳಿಸಿದಳು.

ಆಮೇಲೆ ಎರಡು ಕಿವಿಗೂ ಅವರೆಕಾಳಿನಷ್ಟು ದೊಡ್ಡ ಯಂತ್ರ ಕೂರಿಸಿದರು. ಹೊರಗಿನ ಬೆಂಚಿನಲ್ಲಿ ಅತ್ತೆ, ಗಂಡ, ತುತ್ತೂರಿ ಸಾಲಾಗಿ ಕೂತಿದ್ದರು. ಹುಡುಗಿ ಬಾಗಿಲಿಗೆ ಬಂದು ಕೇಳಿದಳು, "ನಿಮ್ಮಲ್ಲಿ ಎಲ್ಲರಿಗಿಂತ ಮೆಲ್ಲಗೆ ಮಾತಾಡೋರು ಯಾರು?" ಮೂವರೂ ಒಂದೇ ಸಲ, ಆಸ್ಪತ್ರೆಯ ಆ ಮಹಡಿಗೆಲ್ಲ ಕೇಳುವಂತೆ ಸೊಸೆಯ ಹೆಸರು ಕೂಗಿದರು.

"ಒಳಗೆ ಬನ್ನಿ. ಅವರ ಬೆನ್ನ ಹಿಂದೆ ನಿಂತು, ನಿಮ್ಮ ಮಾಮೂಲಿ ದನಿಯಲ್ಲಿ ಏನಾದ್ರೂ ಹೇಳಿ. ಜೋರು ಮಾಡಬೇಡಿ."

ಗಾಜಿನ ಬಾಗಿಲು ಮುಚ್ಚಿತು. ಮಾವನ ಕುತ್ತಿಗೆಯ ಹಿಂಭಾಗ ಕಾಣುತ್ತಿತ್ತು. ಇವತ್ತು ಬರುವುದಕ್ಕೆಂದು ಕ್ಷೌರ ಮಾಡಿಸಿದ್ದರು. ಕೈಗಳು ಮಡಿಲಲ್ಲಿದ್ದವು, ಯಾವುದಕ್ಕೂ ಊರಿರಲಿಲ್ಲ. ಸೊಸೆಗೆ ಹವಾಮಾನದ ಬಗ್ಗೆ ಏನಾದರೂ ಹೇಳಬಹುದಿತ್ತು. ಊಟಕ್ಕೇನು ಮಾಡಲಿ ಅಂತ ಕೇಳಬಹುದಿತ್ತು.

"ಮಾವ," ಅಂದಳು, "ಆ ಮನೆ ಬೇಡ ಅಂತ ನಾಳೆ ಹೇಳಿಬಿಡ್ತೀನಿ. ಈ ವರ್ಷ ನಾವು ಎಲ್ಲಿಗೂ ಹೋಗಲ್ಲ. ಮುಂದಿನ ವರ್ಷ ಮಗುವಿನ ಓದಿಗೆ ಕಷ್ಟ ಆದ್ರೆ ಆಗ ನಿಮ್ಮನ್ನೇ ಕೇಳ್ತೀನಿ."

ಮಾವ ಅಲ್ಲಾಡಲಿಲ್ಲ. ಹುಡುಗಿ ಗಾಜಿನ ಆಚೆಯಿಂದ ನೋಡುತ್ತಿದ್ದಳು. ಸೊಸೆ ಇನ್ನೊಮ್ಮೆ ಹೇಳಬೇಕೇನೋ ಅಂತ ಬಾಯಿ ತೆರೆದಳು.

"ಅಷ್ಟು ಜೋರಾಗಿ ಹೇಳ್ಬೇಡ," ಅಂದರು ಮಾವ ಹಿಂದೆ ತಿರುಗದೆ. ಅವರ ದನಿ ತೀರಾ ಸಣ್ಣಗಿತ್ತು. ಅವರ ಅಂಥ ದನಿಯನ್ನು ಆ ಮನೆಯವರು ಯಾರೂ ಹಿಂದೆ ಕೇಳಿರಲಾರರು. "ಹೊರಗೆ ನಿಮ್ಮತ್ತೆ ಇದ್ದಾಳೆ. ಅವಳಿಗೆ ಇದನ್ನ ನಾನು ಹೇಳ್ತೀನಿ."